ಗ್ರೆಮ್ಲಿನ್ ಚಿತ್ರಗಳು: ಪೂರ್ವಭಾಗ, ಉತ್ತರಭಾಗ

ಯಂತ್ರ ಕೆಟ್ಟು ನಿಂತಾಗ ಬಯ್ಯುವುದಕ್ಕೆ ಮನುಷ್ಯನಿಗೆ ಯಾರಾದರೊಬ್ಬರು ಬೇಕು. ನಮ್ಮ ಮನೆಗಳಲ್ಲಿ ರೇಡಿಯೋ ಕರಕರ ಎನ್ನತೊಡಗಿದರೆ, ಇದಕ್ಕೇನೋ ಶನಿ ಹಿಡಿದಿದೆ ಎಂದು ಅದರ ನೆತ್ತಿಯ ಮೇಲೊಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತೇವೆ. ಬ್ರಿಟಿಷ್ ವಾಯುಪಡೆಯ ವೈಮಾನಿಕರು ಅಷ್ಟಕ್ಕೇ ನಿಲ್ಲಲಿಲ್ಲ. ವಿಮಾನ ಕೆಡಿಸುವುದನ್ನೇ ಕಸುಬಾಗಿ ಮಾಡಿಕೊಂಡ ಕುಳ್ಳ ಪಿಶಾಚಿಯೊಂದನ್ನು ಕಲ್ಪಿಸಿ, ಅದಕ್ಕೆ 'ಗ್ರೆಮ್ಲಿನ್' ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ಹೆಸರು ಸೈನಿಕರ ಬಾಯಿಂದ ಊರವರ ಬಾಯಿಗೂ ಬಂತು. ಸಾವಿನ ಪಕ್ಕದಲ್ಲೇ ಕುಳಿತು ಹಾರುತ್ತಿದ್ದ ಹುಡುಗರು ತಮ್ಮ ಭಯಕ್ಕೆ ಒಂದು ನಗೆಯ ಮುಖ ಕೊಟ್ಟುಕೊಂಡಿದ್ದರು. ಈ ಪ್ರಾಣಿಯ ಹುಟ್ಟಿನಲ್ಲೇ ಭಯವೂ ಹಾಸ್ಯವೂ ಕೂಡಿಕೊಂಡಿದ್ದುವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅದನ್ನು ಕುರಿತದ್ದೇ.

ಆ ಪಡೆಯಲ್ಲೇ ವೈಮಾನಿಕನಾಗಿದ್ದು, 1940ರಲ್ಲಿ ಲಿಬಿಯಾದ ಮರುಭೂಮಿಯಲ್ಲಿ ವಿಮಾನ ಸಮೇತ ಬಿದ್ದು ಬದುಕಿಕೊಂಡ ರೋಲ್ಡ್ ಡಾಲ್ ಎಂಬಾತ 1943ರಲ್ಲಿ ಈ ಪಿಶಾಚಿಗಳ ಮೇಲೆ ಒಂದು ಮಕ್ಕಳ ಪುಸ್ತಕ ಬರೆದ. ಮುಂದೆ ಮಕ್ಕಳ ಸಾಹಿತ್ಯದಲ್ಲಿ ಲೋಕಪ್ರಸಿದ್ಧನಾದ ಡಾಲನ ಮೊದಲ ಮಕ್ಕಳ ಪುಸ್ತಕ ಅದೇ. ವಾಲ್ಟ್ ಡಿಸ್ನಿ ಅದನ್ನು ಚಿತ್ರ ಮಾಡಬೇಕೆಂದಿದ್ದ, ಆಗಲಿಲ್ಲ. ಅದೇ ವರ್ಷ ಬಗ್ಸ್ ಬನ್ನಿ ಎಂಬ ಮೊಲರಾಯನ ಒಂದು ಕಿರುಚಿತ್ರದಲ್ಲಿ ಗ್ರೆಮ್ಲಿನ್ ಕಾಣಿಸಿಕೊಂಡು, ಎಲ್ಲರನ್ನೂ ಗೋಳು ಹುಯ್ದುಕೊಳ್ಳುವ ಆ ಮೊಲವನ್ನೇ ಗೋಳು ಹುಯ್ದುಕೊಂಡಿತು. ಅಲ್ಲಿಂದ ನಲವತ್ತು ವರ್ಷ ಕಳೆದ ಮೇಲೆ, 1984ರ ಜೂನ್ 8ರಂದು, ಅಮೆರಿಕದ ಚಿತ್ರಮಂದಿರಗಳಿಗೆ 'ಗ್ರೆಮ್ಲಿನ್ಸ್' ಬಂತು. ದಿಗ್ದರ್ಶಕ ಜೋ ಡಾಂಟೆ. ಬಂಡವಾಳದ ಹಿಂದೆ ನಿಂತ ದೊಡ್ಡ ಹೆಸರು ಸ್ಟೀವನ್ ಸ್ಪೀಲ್‌ಬರ್ಗ್. ಕಥೆ ಬರೆದವನು ಕ್ರಿಸ್ ಕೊಲಂಬಸ್ ಎಂಬ ಇಪ್ಪತ್ತರ ಹರೆಯದ ಹುಡುಗ. ನ್ಯೂಯಾರ್ಕಿನ ತನ್ನ ಬಿಡಾರದಲ್ಲಿ ರಾತ್ರಿ ಮಲಗಿದಾಗ ಕತ್ತಲೆಯಲ್ಲಿ ಓಡಾಡುವ ಇಲಿಗಳ ಸದ್ದು ಕೇಳಿ ಕೇಳಿ ಅವನಿಗೆ ಈ ಕಥೆ ಹೊಳೆಯಿತಂತೆ. ಇಲಿಗಳಿಂದ ಇಷ್ಟು ಲಾಭ ಪಡೆದ ಬಾಡಿಗೆದಾರ ಇನ್ನೊಬ್ಬನಿರಲಾರ.

ಅವನು ಮೊದಲು ಬರೆದ ಕಥೆ ಅತಿ ಕ್ರೂರವಾಗಿತ್ತು. ಅದರಲ್ಲಿ ತಾಯಿಯ ತಲೆ ಮೆಟ್ಟಿಲಿನಿಂದ ಉರುಳಿ ಬರುತ್ತಿತ್ತು. ನಾಯಿಯನ್ನು ಪಿಶಾಚಿಗಳು ತಿಂದುಹಾಕುತ್ತಿದ್ದುವು. ಗಿಜ್ಮೋ ಎಂಬ ಮುದ್ದಿನ ಪ್ರಾಣಿಯೇ ಕೊನೆಗೆ ದುಷ್ಟರ ನಾಯಕನಾಗಿ ಮಾರ್ಪಡುತ್ತಿತ್ತು. ಇದೆಲ್ಲ ಚಿತ್ರವಾಗುವ ವೇಳೆಗೆ ಬದಲಾಯಿತು. ಗಿಜ್ಮೋ ಕೊನೆಯವರೆಗೂ ಒಳ್ಳೆಯದಾಗಿಯೇ ಉಳಿಯಬೇಕೆಂದು ಹೇಳಿದವನು ಸ್ಪೀಲ್‌ಬರ್ಗ್. ಪ್ರೇಕ್ಷಕರ ಮಕ್ಕಳು ಯಾರ ಕೈ ಹಿಡಿದುಕೊಂಡು ಕಥೆಯನ್ನು ದಾಟಬೇಕೆಂಬುದು ಆತನಿಗೆ ತಿಳಿದಿತ್ತು.

ಚಿತ್ರದ ಕಥೆ ಸರಳ. ಮನೆಗೆಲಸದ ವಿಚಿತ್ರ ಉಪಕರಣಗಳನ್ನು ಕಂಡುಹಿಡಿದು ಮಾರುವ ತಂದೆಯೊಬ್ಬ ಕ್ರಿಸ್ಮಸ್ ಹಬ್ಬಕ್ಕೆಂದು ಮಗ ಬಿಲ್ಲಿಗೆ ಉಡುಗೊರೆ ಹುಡುಕುತ್ತ, ಚೀಣೀ ಮುದುಕನ ಅಂಗಡಿಯಲ್ಲಿ ಒಂದು ಮುದ್ದಾದ ರೋಮದ ಪ್ರಾಣಿಯನ್ನು ಕಾಣುತ್ತಾನೆ. ಮುದುಕ ಮಾರಲೊಲ್ಲ. ಮೊಮ್ಮಗ ಹಣದ ತೊಂದರೆಯಿಂದ ಗುಟ್ಟಾಗಿ ಮಾರಿಬಿಡುತ್ತಾನೆ. ಮಾರುವಾಗ ಮೂರು ಕಟ್ಟಳೆಗಳನ್ನು ಹೇಳುತ್ತಾನೆ. ಪ್ರಖರವಾದ ಬೆಳಕಿಗೆ ಒಡ್ಡಬಾರದು, ನೀರು ಸೋಕಿಸಬಾರದು, ಎಷ್ಟೇ ಅತ್ತು ಬೇಡಿದರೂ ಮಧ್ಯರಾತ್ರಿಯ ಮೇಲೆ ಉಣ್ಣಿಸಬಾರದು. ನಮ್ಮ ಅಜ್ಜಿಯರ ಕಥೆ ಕೇಳಿದ ಯಾರಿಗಾದರೂ ಗೊತ್ತು, ಕಟ್ಟಳೆ ಹೇಳಿದ ಮೇಲೆ ಅದು ಮುರಿಯಲೇಬೇಕು. ಇಲ್ಲಿಯೂ ನೀರು ಚೆಲ್ಲುತ್ತದೆ, ಒಂದು ಪ್ರಾಣಿ ಆರಾಗುತ್ತದೆ. ಹೊಸವು ಗಡಿಯಾರದ ತಂತಿ ಕಡಿದು, ವೇಳೆ ತಿಳಿಯದಂತೆ ಮಾಡಿ, ಮಧ್ಯರಾತ್ರಿ ಕಳೆದ ಮೇಲೆ ಊಟ ಗಿಟ್ಟಿಸುತ್ತವೆ. ಆಮೇಲೆ ರೋಮ ಹೋಗಿ ಹಲ್ಲಿಯ ಚರ್ಮದ, ಗರಗಸದ ಹಲ್ಲಿನ ಪಿಶಾಚಿಗಳು. ಹಬ್ಬದ ರಾತ್ರಿ ಆ ಪುಟ್ಟ ಊರು ಅವುಗಳ ಪಾಲಾಗುತ್ತದೆ. ಕ್ರಿಸ್ ವಾಲಾಸ್ ಎಂಬ ಕುಶಲಿ ಮಾಡಿದ ಬೊಂಬೆಗಳು ಇವು. ತೊಗಲುಬೊಂಬೆಯಾಟ ನೋಡಿ ಬೆಳೆದವರಿಗೆ ಬೊಂಬೆ ಉಸಿರಾಡುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ಇದರಲ್ಲಿ ತಾಯಿಯ ಅಡಿಗೆಮನೆಯ ಕಾಳಗವೊಂದುಂಟು. ತನ್ನ ಮನೆಗೆ ನುಗ್ಗಿದ ಪಿಶಾಚಿಗಳಲ್ಲಿ ಒಂದನ್ನು ಅರೆಯುವ ಯಂತ್ರಕ್ಕೆ, ಒಂದನ್ನು ಚೂರಿಗೆ, ಮತ್ತೊಂದನ್ನು ಮೈಕ್ರೋವೇವ್ ಒಲೆಗೆ ಆ ಗೃಹಿಣಿ ಬಲಿಕೊಡುತ್ತಾಳೆ. ನೋಡುತ್ತಿರುವಾಗ ಚೀರಬೇಕೋ ನಗಬೇಕೋ ತಿಳಿಯದು. ಸಾಹಿತ್ಯದರ್ಪಣಕಾರ ವಿಶ್ವನಾಥನ ಲೆಕ್ಕದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳು. ಒಂದೆಡೆ ಕೂಡಿಸಿದರೆ ಒಂದನ್ನೊಂದು ಕೆಡಿಸುತ್ತವೆ. ಲಕ್ಷಣಗ್ರಂಥ ಓದಿದವನಾಗಿ ನಾನು ಆ ಮಾತನ್ನು ಸುಲಭವಾಗಿ ಬಿಟ್ಟುಕೊಡುವವನಲ್ಲ. ಆದರೆ ಈ ಚಿತ್ರದಲ್ಲಿ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಕರುಣ ಎಲ್ಲಿಂದ ಬಂತೆಂದು ಕೇಳಬಹುದು. ಬಿಲ್ಲಿಯ ಗೆಳತಿ ಕೇಟ್ ಎಂಬವಳು ಗಲಾಟೆಯೆಲ್ಲ ಒಂದು ಗಳಿಗೆ ತಣ್ಣಗಾದಾಗ, ತಾನೇಕೆ ಕ್ರಿಸ್ಮಸ್ ಹಬ್ಬ ಆಚರಿಸುವುದಿಲ್ಲವೆಂದು ಹೇಳುತ್ತಾಳೆ. ಅವಳು ಒಂಬತ್ತು ವರ್ಷದವಳಾಗಿದ್ದಾಗ ಹಬ್ಬದ ಹಿಂದಿನ ರಾತ್ರಿ ತಂದೆ ಮನೆಗೆ ಬರಲಿಲ್ಲ. ದಿನಗಳು ಕಳೆದುವು. ಚಳಿಗೆ ಬೆಂಕಿ ಮಾಡಲು ಹೋದಾಗ ಹೊಗೆಗೂಡಿನಿಂದ ದುರ್ವಾಸನೆ. ಸತ್ತ ಹಕ್ಕಿಯೋ ಬೆಕ್ಕೋ ಇರಬೇಕೆಂದು ಜನ ಕರೆಸಿದರೆ, ಹೊರಗೆ ಬಂದದ್ದು ಹಬ್ಬದ ತಾತ ಸಾಂಟಾಕ್ಲಾಸನ ವೇಷದಲ್ಲಿದ್ದ ತಂದೆಯ ಹೆಣ, ಕೈತುಂಬ ಉಡುಗೊರೆಗಳು. ಮಗಳನ್ನು ಬೆರಗುಗೊಳಿಸಲು ಹೊಗೆಗೂಡಿನಿಂದ ಇಳಿಯಹೋಗಿ ಜಾರಿ ಕತ್ತು ಮುರಿದುಕೊಂಡಿದ್ದ. ಸಾಂಟಾಕ್ಲಾಸ್ ಎಂಬವನಿಲ್ಲವೆಂದು ತನಗೆ ತಿಳಿದದ್ದು ಹಾಗೆ ಎಂದು ಹುಡುಗಿ ಮಾತು ಮುಗಿಸುತ್ತಾಳೆ.

ಇದು ಹಾಸ್ಯವೋ, ಶೋಕವೋ? ಚಿತ್ರಸಂಸ್ಥೆಯ ಹಿರಿಯರಿಗೂ ಇದೇ ಪ್ರಶ್ನೆ ಬಂತು. ಈ ಭಾಗವನ್ನು ಕತ್ತರಿಸಿ ತೆಗೆಯಿರಿ ಎಂದರು. ಸ್ಪೀಲ್‌ಬರ್ಗನಿಗೂ ಅದು ಹಿಡಿಸಿರಲಿಲ್ಲ. ಡಾಂಟೆ ಪಟ್ಟು ಬಿಡಲಿಲ್ಲ. ಚಿತ್ರ ನಿನ್ನದು, ನಿನ್ನಿಷ್ಟ ಎಂದು ಸ್ಪೀಲ್‌ಬರ್ಗ್ ಸುಮ್ಮನಾದ. ದೊಡ್ಡವನೊಬ್ಬ ತನಗೆ ಸೇರದ್ದನ್ನೂ ಚಿಕ್ಕವನ ಕೃತಿಯಲ್ಲಿ ಉಳಿಯಗೊಟ್ಟದ್ದು ಚಲಚ್ಚಿತ್ರ ವ್ಯಾಪಾರದಲ್ಲಿ ಸಾಮಾನ್ಯ ಸಂಗತಿಯಲ್ಲ. ನನ್ನ ಮಟ್ಟಿಗೆ ಪೂರ್ವಭಾಗದ ಪ್ರಾಣವೇ ಈ ಎರಡು ನಿಮಿಷಗಳಲ್ಲಿದೆ. ಪಿಶಾಚಿಗಳು ಬೊಂಬೆಗಳೆಂದು ನಮಗೆ ಗೊತ್ತು. ಹುಡುಗಿಯ ದುಃಖ ಬೊಂಬೆಯದಲ್ಲ. ಅದು ಇರುವುದರಿಂದಲೇ ಸುತ್ತಲಿನ ಭಯ ನಿಜವಾಗುತ್ತದೆ.

ಚಿತ್ರ ಅಪಾರ ಹಣ ಮಾಡಿತು. ಸುಮಾರು 1 ಕೋಟಿ 10 ಲಕ್ಷ ಡಾಲರಿನಲ್ಲಿ ಮಾಡಿದ್ದು ಅಮೆರಿಕ ಪ್ರಾಂತದಲ್ಲೇ ಸುಮಾರು 15 ಕೋಟಿ ಡಾಲರ್ ತಂದಿತು. ಆದರೆ ಮುದ್ದು ಪ್ರಾಣಿಯ ಚಿತ್ರಪಟ ನೋಡಿ ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಗಳು ಕೆಂಡವಾದರು. ಒಲೆಯಲ್ಲಿ ಸಿಡಿಯುವ ಪಿಶಾಚಿ ಒಂದು ಕಡೆ. ಸಾಂಟಾಕ್ಲಾಸನ ಗುಟ್ಟು ಚಿತ್ರಮಂದಿರದ ಕತ್ತಲೆಯಲ್ಲಿ ಬಯಲಾದದ್ದು ಇನ್ನೊಂದು ಕಡೆ. ಅದಕ್ಕೆ ಎರಡು ವಾರ ಮುಂಚೆ, ಮೇ 23ರಂದು, ಸ್ಪೀಲ್‌ಬರ್ಗನೇ ದಿಗ್ದರ್ಶಿಸಿದ ಇಂಡಿಯಾನ ಜೋನ್ಸನ ಎರಡನೆಯ ಸಾಹಸಚಿತ್ರವೂ ಇಂಥದೇ ದೂರಿಗೆ ಗುರಿಯಾಗಿತ್ತು. ಆಗ ಅಮೆರಿಕದಲ್ಲಿ, ಹಿರಿಯರು ನೋಡಿಕೊಂಡು ಮಕ್ಕಳನ್ನು ಬಿಡಬಹುದು ಎಂಬ ಗುರುತಿಗೂ, 17ರ ಕೆಳಗಿನವರು ಹಿರಿಯರ ಜೊತೆಯಲ್ಲಲ್ಲದೆ ಬರಕೂಡದು ಎಂಬ ಗುರುತಿಗೂ ನಡುವೆ ಏನೂ ಇರಲಿಲ್ಲ. ಬಾಲ್ಯ ಕಳೆದ, ಯೌವನ ಬಾರದ ಹುಡುಗರಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲವೆನ್ನಿ. ನಡುವೆ ಒಂದು ಗೆರೆ ಎಳೆಯಿರಿ ಎಂದು ಸ್ಪೀಲ್‌ಬರ್ಗನೇ ಚಿತ್ರೋದ್ಯಮ ಸಂಘದ ಅಧ್ಯಕ್ಷ ಜ್ಯಾಕ್ ವ್ಯಾಲೆಂಟಿಗೆ ಸೂಚಿಸಿದ. 1984ರ ಜುಲೈ 1ರಿಂದ 13 ವರ್ಷದ ಗುರುತು ಜಾರಿಗೆ ಬಂತು. ಇಂದಿಗೂ ಅಲ್ಲಿನ ಹುಡುಗರ ಭಯ-ಹಾಸ್ಯದ ಚಿತ್ರಗಳಲ್ಲಿ ಬಹುಪಾಲು ಆ ಗೆರೆಯ ಆಸುಪಾಸಿನಲ್ಲೇ ಓಡಾಡುತ್ತಿವೆ. ಹಾಲುಮುಖದ ಒಂದು ಬೊಂಬೆಯಿಂದ ಕಾನೂನಿಗೊಂದು ಕಲಮು ಸೇರಿದ ಹಾಗಾಯಿತು.

ಇನ್ನು ಉತ್ತರಭಾಗ. ಇಷ್ಟು ಹಣ ತಂದ ಚಿತ್ರಕ್ಕೆ ಮುಂದುವರಿಕೆ ಬೇಡವೆನ್ನುವ ವ್ಯಾಪಾರಿ ಎಲ್ಲಿದ್ದಾನೆ? ವಾರ್ನರ್ ಸಂಸ್ಥೆ ಹಲವು ದಾರಿ ನೋಡಿತು, ಯಾವುದೂ ಸರಿಹೋಗಲಿಲ್ಲ. ಮೊದಲು ಒಲ್ಲೆನೆಂದಿದ್ದ ಡಾಂಟೆಯ ಬಳಿಗೇ ಮರಳಿ ಬಂದು, ನಿನಗೆ ತೋಚಿದಂತೆ ಮಾಡು ಎಂದು ಕೈಬಿಚ್ಚಿ ಹಣವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟಿತು. 1990ರ ಜೂನ್ 15ರಂದು 'ಗ್ರೆಮ್ಲಿನ್ಸ್ 2' ತೆರೆಗೆ ಬಂತು. ಹಿಂದಿನ ಚಿತ್ರದಿಂದ ಹುಟ್ಟಿದ ಅದೇ 13ರ ಗುರುತನ್ನು ಹಣೆಗೆ ಹಚ್ಚಿಕೊಂಡು.

ನಮ್ಮಲ್ಲಿ ಬಾಣಭಟ್ಟ 'ಕಾದಂಬರಿ'ಯನ್ನು ಮುಗಿಸದೆ ತೀರಿಕೊಂಡಾಗ ಅವನ ಮಗ ಉತ್ತರಭಾಗ ಬರೆದ. ಕವಿತ್ವದ ಗರ್ವದಿಂದಲ್ಲ, ಅಪೂರ್ಣವಾಗಿ ನಿಂತಿತಲ್ಲ ಎಂಬ ಸಜ್ಜನರ ದುಃಖಕ್ಕಾಗಿ ಎಂದು ವಿನಯದಿಂದ ಹೇಳಿಕೊಂಡ. ಡಾಂಟೆಯ ದಾರಿ ಇದಕ್ಕೆ ನೇರ ವಿರುದ್ಧ. ತನ್ನ ಪೂರ್ವಭಾಗವನ್ನು ತಾನೇ ಎತ್ತಿ ಆಡಿಕೊಳ್ಳುವುದಕ್ಕೆಂದೇ ಆತ ಉತ್ತರಭಾಗ ಮಾಡಿದ. ಪುಟ್ಟ ಊರು ಹೋಗಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡ ಬಂತು. ಬಾಗಿಲಿನಿಂದ ದೀಪದವರೆಗೆ ಎಲ್ಲವೂ ಅಲ್ಲಿ ಯಂತ್ರಮಯ, ಯಾವುದೂ ನೆಟ್ಟಗೆ ಕೆಲಸ ಮಾಡದು. ಅದರ ಒಡೆಯ ಕ್ಲ್ಯಾಂಪ್ ಎಂಬ ಧನಿಕ. ಅಂದಿನ ಅಮೆರಿಕದ ಡೊನಾಲ್ಡ್ ಟ್ರಂಪ್, ಟೆಡ್ ಟರ್ನರ್ ಇವರಿಬ್ಬರನ್ನೂ ಕಲಸಿ ಮಾಡಿದ ವಿಡಂಬನೆ ಆತ. ಅದೇ ಕಟ್ಟಡದ ಪ್ರಯೋಗಶಾಲೆಯ ರಸಗಳನ್ನು ಕುಡಿದು ಪಿಶಾಚಿಗಳು ಬಗೆಬಗೆಯಾಗುತ್ತವೆ. ಒಂದು ಬಾವಲಿ, ಒಂದು ಜೇಡ, ಒಂದು ತರಕಾರಿ, ಒಂದು ಬರಿಯ ವಿದ್ಯುತ್ತು. ಮತ್ತೊಂದು ಕನ್ನಡಕ ಹಾಕಿಕೊಂಡು ನಾಗರಿಕತೆಯ ಮೇಲೆ ಸೊಗಸಾದ ಉಪನ್ಯಾಸ ಕೊಡುವ ಪಂಡಿತ. ನಮ್ಮ ವೃತ್ತಿಯವರ ಮೇಲೆ ಎಸೆದ ಈ ಕಲ್ಲನ್ನು ನಾನು ನಗುತ್ತಲೇ ಸ್ವೀಕರಿಸಿದೆ. ಹೀಗೆ ಹೊಸ ಹೊಸ ರೂಪ ಮಾಡಲು ಅವಕಾಶವಿದ್ದರೆ ಮಾತ್ರ ಬರುವೆನೆಂದು ಒಪ್ಪಿ ಬಂದ ರಿಕ್ ಬೇಕರ್ ಈ ಬೊಂಬೆಗಳ ಕರ್ತೃ.

ಪೂರ್ವಭಾಗದ ಕಟ್ಟಳೆಗಳನ್ನೂ ಬಿಡಲಿಲ್ಲ. ವಿಮಾನದಲ್ಲಿ ಹೋಗುತ್ತ ಒಂದು ದೇಶದ ಗಡಿಯಾರದಿಂದ ಇನ್ನೊಂದು ದೇಶದ ಗಡಿಯಾರಕ್ಕೆ ದಾಟುವಾಗ ಮಧ್ಯರಾತ್ರಿ ಎಂದರೆ ಯಾವುದು ಎಂದು ಕಟ್ಟಡದ ನೌಕರರು ತರ್ಕ ಹೂಡುತ್ತಾರೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಕೇಳುವಂಥ ಪ್ರಶ್ನೆ. ಉತ್ತರವಾಗಿ ಪಿಶಾಚಿಯೊಂದು ಅವರ ಮೇಲೆಯೇ ಎರಗುತ್ತದೆ. ಮೊದಲ ಚಿತ್ರವನ್ನು ಹಳಿದಿದ್ದ ವಿಮರ್ಶಕ ಲೆನಾರ್ಡ್ ಮಾಲ್ಟಿನ್ ಸ್ವತಃ ಬಂದು, ಅದನ್ನು ಮತ್ತೊಮ್ಮೆ ಹಳಿಯುತ್ತಿರುವಾಗಲೇ ಪಿಶಾಚಿಗಳ ಕೈಗೆ ಸಿಗುತ್ತಾನೆ. ನಡುವೆ ಚಿತ್ರದ ಸುರುಳಿಯೇ ಹರಿದಂತಾಗಿ, ಪರದೆ ಬೆಳ್ಳಗಾಗಿ, ಪಿಶಾಚಿಗಳು ಚಿತ್ರಮಂದಿರದ ಯಂತ್ರದ ಕೋಣೆಗೇ ನುಗ್ಗಿದುವೆಂದು ನಂಬಿಸುತ್ತಾರೆ. ಮನೆಯಲ್ಲಿ ನೋಡುವ ಕ್ಯಾಸೆಟ್ಟಿಗೆ ಈ ಭಾಗವನ್ನು ಬೇರೆಯಾಗಿಯೇ ಮಾಡಿದರು; ಅಲ್ಲಿ ಕೆಟ್ಟದ್ದು ಕ್ಯಾಸೆಟ್ಟು! ವಿಮಾನ ಕೆಡಿಸುತ್ತಿದ್ದ ಗ್ರೆಮ್ಲಿನ್ ಈಗ ತನ್ನ ಚಿತ್ರವನ್ನೇ ಕೆಡಿಸುತ್ತದೆ. ಆದಿಯಲ್ಲಿ ಬಗ್ಸ್ ಬನ್ನಿ ಬಂದು ಹೋಗುವುದೂ ಹಳೆಯ ನಂಟಿಗೆ ತಕ್ಕದ್ದೇ.

ಬುದ್ಧಿಯ ಚಮತ್ಕಾರದಲ್ಲಿ ಉತ್ತರಭಾಗವೇ ಮೇಲೆಂದು ನಾನು ಒಪ್ಪುತ್ತೇನೆ. ಹಳೆಯದನ್ನೇ ಬಿಸಿಮಾಡಿ ಬಡಿಸುವ ಮುಂದುವರಿಕೆಗಳ ನಡುವೆ ಇದರ ಎದೆಗಾರಿಕೆ ದೊಡ್ಡದು. ಆದರೂ ಹಣದ ಲೆಕ್ಕದಲ್ಲಿ ಇದು ಸೋತಿತು. ಮೊದಲನೆಯದು ಗಳಿಸಿದ್ದರಲ್ಲಿ ಮೂರನೆಯ ಒಂದು ಪಾಲೂ ಬರಲಿಲ್ಲ, ಸುಮಾರು 4 ಕೋಟಿ 10 ಲಕ್ಷ ಡಾಲರ್. ಅದೇ ದಿನ ಬಂದ 'ಡಿಕ್ ಟ್ರೇಸಿ'ಯ ಪೈಪೋಟಿಯನ್ನು ಇದಕ್ಕೆ ಕಾರಣವೆಂದು ಹೇಳುವುದುಂಟು. ಅಷ್ಟೇ ಆದರೆ, ಮೊದಲ ಚಿತ್ರ ಬಂದ ದಿನವೇ 'ಘೋಸ್ಟ್‌ಬಸ್ಟರ್ಸ್' ಎಂಬ ಮಹಾ ಜಯಭೇರಿಯೂ ಬಂದಿತ್ತಲ್ಲ! ಆಗ ಎರಡೂ ಗೆದ್ದುವು. ಕಾರಣ ಚಿತ್ರದೊಳಗೇ ಇದೆಯೆಂದು ನನಗೆ ತೋರುತ್ತದೆ. ಹೆದರದೆ ನಗುವವನಿಗೂ, ಹೆದರಿ ನಗುವವನಿಗೂ ವ್ಯತ್ಯಾಸವುಂಟು. ಯುದ್ಧದ ವೈಮಾನಿಕರು ಎರಡನೆಯ ಬಗೆಯವರು. ಪೂರ್ವಭಾಗದ ಪ್ರೇಕ್ಷಕನೂ ಹಾಗೆಯೇ. ಉತ್ತರಭಾಗದಲ್ಲಿ ಯಾರಿಗೂ ಏನೂ ಆಗುವುದಿಲ್ಲವೆಂದು ಮೊದಲೇ ತಿಳಿದುಹೋಗುತ್ತದೆ. ಮೊದಲ ಚಿತ್ರದಲ್ಲಿ ಪಿಶಾಚಿಗಳ ಕೈಗೆ ಸಿಕ್ಕಿದ್ದ ನೆರೆಮನೆಯ ಫಟರ್‌ಮನ್ ಕೂಡ ಇಲ್ಲಿ ಹೆಂಡತಿಯೊಡನೆ ಪ್ರವಾಸ ಬಂದಿದ್ದಾನೆ.

ಹೊಗೆಗೂಡಿನ ಕಥೆ ಏನಾಯಿತೆಂದು ಕೇಳುವವರಿದ್ದಾರೆ. ಎರಡನೆಯ ಚಿತ್ರದಲ್ಲಿಯೂ ಕೇಟ್ ಇದ್ದಾಳೆ. ಗಲಾಟೆಯ ನಡುವೆ ಲಿಂಕನ್ ಜಯಂತಿಯ ಪ್ರಸ್ತಾಪ ಬರುತ್ತದೆ. ಅವಳ ಮುಖ ಬಾಡುತ್ತದೆ. ಆ ದಿನದ ಹೆಸರೆತ್ತಬೇಡಿ ಎಂದು ಮೆಲ್ಲಗೆ ಆರಂಭಿಸುತ್ತಾಳೆ. ತಾನು ಚಿಕ್ಕವಳಾಗಿದ್ದಾಗ ಒಮ್ಮೆ ಆ ದಿನ ಶಾಲೆಗೆ ರಜೆಯಿತ್ತು, ಗಡ್ಡ ಬಿಟ್ಟು ಎತ್ತರದ ಟೋಪಿ ಹಾಕಿದ ಒಬ್ಬ ಮನುಷ್ಯ ತನ್ನ ಬಳಿಗೆ ಬಂದ ಎನ್ನುವಷ್ಟರಲ್ಲಿ, ಇದಕ್ಕೆಲ್ಲ ಈಗ ಹೊತ್ತಿಲ್ಲ ಎಂದು ಸುತ್ತಲಿನವರು ಅವಳ ಮಾತನ್ನು ತಡೆದುಬಿಡುತ್ತಾರೆ. ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೂ ನಗು ಬಂತು. ಆ ಮನುಷ್ಯ ಏನು ಮಾಡಿದನೆಂಬುದನ್ನು ಚಿತ್ರ ಮುಗಿಯುವವರೆಗೂ ಅವಳನ್ನು ಯಾರೂ ಕೇಳಲಿಲ್ಲ.