ಗೋಲದೀಘಿಯ ದಂಡೆಯಿಂದ ಹಾಸ್ಟೆಲ್ ಕೋಣೆಗೆ

ಕೋಲ್ಕತ್ತದ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದ ಈಡನ್ ಹಿಂದೂ ಹಾಸ್ಟೆಲ್ ಇರುವ ಬೀದಿಗೆ ಪ್ಯಾರಿಚರಣ್ ಸರ್ಕಾರ್ ಹೆಸರಿದೆ. 1863ರಲ್ಲಿ ಬಂಗಾಳದ ಪಾನನಿರೋಧ ಸಂಘ ಕಟ್ಟಿದ ಮೇಷ್ಟರು ಇವರು. ಅದಕ್ಕೂ ಎರಡು ದಶಕ ಹಿಂದೆ, ಪ್ರೆಸಿಡೆನ್ಸಿಯ ಮೂಲವಾದ ಹಿಂದೂ ಕಾಲೇಜಿನ ಹುಡುಗರು ಪಕ್ಕದ ಗೋಲದೀಘಿ ಕೆರೆಯ ದಂಡೆಯಲ್ಲಿ ಕೂತು ಬ್ರಾಂದಿ ಕುಡಿಯುತ್ತಿದ್ದರು. ಗೇಟು ಬಳಸಿ ಹೋಗುವಷ್ಟು ತಾಳ್ಮೆಯೂ ಇಲ್ಲದೆ ಬೇಲಿ ಹಾರಿ ಕಬಾಬು ತರುತ್ತಿದ್ದುದನ್ನು ಅವರಲ್ಲೊಬ್ಬರಾದ ರಾಜನಾರಾಯಣ ಬಸು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಕುಡಿತ ಅಂದಿನವರಿಗೆ ಹೊಸಕಾಲದ ಗುರುತಾಗಿತ್ತು. ಇದೇ ಬಸು ಮುಂದೆ ಮೇದಿನೀಪುರದಲ್ಲಿ ಸುರಾಪಾನ ನಿವಾರಣಿ ಸಭೆ ಸ್ಥಾಪಿಸಿದರು. ಗಮನಿಸಬೇಕಾದದ್ದು ಇದು: ಹುಡುಗರು ಕುಡಿಯುತ್ತಿದ್ದದ್ದು ಗುಂಪಿನಲ್ಲಿ, ಸುಧಾರಕರು ಮದ್ದು ಹುಡುಕಿದ್ದು ಒಬ್ಬೊಬ್ಬನ ಶೀಲದಲ್ಲಿ. ರೋಗಕ್ಕೂ ಮದ್ದಿಗೂ ನಡುವಿನ ಈ ಅಂತರ ತುಂಬಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಡುವಿನ ಘಟ್ಟದಲ್ಲಿ ಗಮನವೆಲ್ಲ ಶೀಲದಿಂದ ಪದಾರ್ಥದ ಕಡೆಗೆ ಹೊರಳಿತು. 1893ರಲ್ಲಿ ನೇಮಕವಾದ ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಯಲ್ಲಿ ರೋಗದ ಕಾರಣ ಎಂಬ ಕಡೆ ‘ಗಾಂಜಾ’ ಎಂದು ಕಣ್ಣುಮುಚ್ಚಿ ಬರೆದಿದ್ದನ್ನು ಅದು ಪತ್ತೆಹಚ್ಚಿತು. ಹಿಡಿತದಲ್ಲಿರುವ ಬಳಕೆಯಿಂದ ಅಂಥ ಕೇಡಿಲ್ಲ, ಕೇಡಿರುವುದು ಅತಿಯಲ್ಲಿ ಎಂಬುದು ಅದರ ತೀರ್ಮಾನ. ಅಂಕಿಯನ್ನು ನಂಬುವ ಮುನ್ನ ಅದು ಹುಟ್ಟಿದ ಬಗೆಯನ್ನು ಕೇಳಬೇಕೆಂಬ ಆ ಎಚ್ಚರವನ್ನು ಆಮೇಲಿನವರು ಅಷ್ಟಾಗಿ ಉಳಿಸಿಕೊಳ್ಳಲಿಲ್ಲ. ಬಂಗಾಳಿ ಕಥೆಗಾರ ಶರದಿಂದು ಬಂದ್ಯೋಪಾಧ್ಯಾಯರ ಮೊದಮೊದಲ ಪತ್ತೇದಾರ ಬ್ಯೋಮಕೇಶ್ ಕಥೆಗಳಲ್ಲೊಂದು ಕೋಲ್ಕತ್ತದ ಮೆಸ್ ಒಂದರಲ್ಲಿ ಗುಟ್ಟಾಗಿ ನಡೆಯುವ ಕೊಕೇನ್ ವ್ಯಾಪಾರದ ಸುತ್ತ ಹೆಣೆದದ್ದು. ಊರು ಬಿಟ್ಟು ಬಂದವರು ಒಂದೇ ಸೂರಿನಡಿ ಇರುವ ತಾಣದಲ್ಲಿ ನಶೆ ಹೇಗೆ ಬೇರೂರುತ್ತದೆಂಬುದು ಸಂಶೋಧಕರಿಗಿಂತ ಮೊದಲೇ ಕಥೆಗಾರನಿಗೆ ಹೊಳೆದಿತ್ತೇನೋ! 1985ರ ಮಾದಕ ವಸ್ತು ಕಾಯಿದೆ ಪದಾರ್ಥವನ್ನು ಹಿಡಿಯಿತು. 2003ರ ತಂಬಾಕು ಕಾಯಿದೆ ಶಾಲೆ ಕಾಲೇಜುಗಳಿಂದ 100 ಗಜದೊಳಗೆ ಬೀಡಿ ಸಿಗರೇಟು ಮಾರಕೂಡದೆಂದಿತು. ಗೇಟಿನ ಒಳಗೆ, ಕೋಣೆಯ ಒಳಗೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಅಮೆರಿಕದ ಕಾಲೇಜುಗಳು. ಗೆಳೆಯರು ಎಷ್ಟು ಕುಡಿಯುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ನಿಜಕ್ಕಿಂತ ಹೆಚ್ಚಾಗಿಯೇ ಊಹಿಸುತ್ತಾರೆಂದು ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ 1986ರಲ್ಲಿ ತೋರಿಸಿದರು. ‘ಎಲ್ಲರೂ ಕುಡಿಯುತ್ತಾರೆ’ ಎಂಬ ಭ್ರಮೆಯೇ ಕುಡಿತಕ್ಕೆ ಕರೆಯುತ್ತದೆ ಎಂದಾಯಿತು. 1988ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ಚಟ ಬಿಟ್ಟವರಿಗೆ ಪ್ರತ್ಯೇಕ ವಸತಿ ತೆರೆಯಿತು. ಮರುವರ್ಷ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಚಟವೇ ಇಲ್ಲದವರೂ ಕೇಳಿ ಪಡೆಯಬಹುದಾದ ನಶೆಮುಕ್ತ ಕೋಣೆಗಳು ಬಂದವು. ಅಂಥ ವಸತಿಗಳಲ್ಲಿ ವಿಪರೀತ ಕುಡಿತವೂ ಕಡಿಮೆ, ಪರರ ಕುಡಿತದಿಂದ ಕೆಡುವ ನಿದ್ದೆ ಮತ್ತು ಓದಿನ ಕಾಟವೂ ಕಡಿಮೆ ಎಂದು ಹಾರ್ವರ್ಡಿನ ಹೆನ್ರಿ ವೆಕ್ಸ್‌ಲರ್ ತಂಡ 2001ರಲ್ಲಿ ಪ್ರಕಟಿಸಿತು. ಕುಡಿಯದವರೇ ಅಲ್ಲಿಗೆ ಹೋಗುತ್ತಾರೆ, ಅದರಲ್ಲಿ ಕಟ್ಟಡದ ಹೆಚ್ಚುಗಾರಿಕೆ ಏನು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಕುಡುಕನನ್ನು ತಿದ್ದುವುದೊಂದೇ ಅದರ ಕೆಲಸವಲ್ಲ. ಕುಡಿಯದವನಿಗೆ ಒಂಟಿತನ ತಪ್ಪಿಸುವುದೂ ಕೆಲಸವೇ. ನಮ್ಮಲ್ಲಂತೂ ಅವನೇ ಬಹುಸಂಖ್ಯಾತ: 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಶೇ 14.6. ಇದು ಹಾಸ್ಟೆಲಿನ ಲೆಕ್ಕವಲ್ಲ, ನಿಜ. ಆದರೂ ‘ಎಲ್ಲರೂ’ ಎಂಬ ಮಾತು ಎಷ್ಟು ಟೊಳ್ಳು ಎನ್ನಲು ಇಷ್ಟು ಸಾಕು.

ನಮ್ಮ ಹಾಸ್ಟೆಲ್‌ಗಳೆಲ್ಲ ನಶೆಮುಕ್ತವೇ, ನಿಯಮ ಗೋಡೆಯ ಮೇಲೇ ಇದೆಯಲ್ಲ ಎಂದು ಕೆಲವರು ಹೇಳಬಹುದು. ಬೆಂಗಳೂರಿನ ಪಿ.ಜಿ.ಗಳ ಬಾಗಿಲಲ್ಲೂ ಇದೇ ಬೋರ್ಡು. ಎಲ್ಲರ ಮೇಲೆ ಹೇರಿದ ನಿಯಮವನ್ನು ಕಾಯುವವನು ವಾರ್ಡನ್ ಒಬ್ಬನೇ, ತಾವೇ ಆರಿಸಿಕೊಂಡ ನಿಯಮವನ್ನು ಕೋಣೆಯವರೇ ಕಾಯುತ್ತಾರೆ. 2023ರ ಆಗಸ್ಟಿನಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಮುಖ್ಯ ಹಾಸ್ಟೆಲಿನಿಂದ ಬಿದ್ದು ಮೊದಲ ವರ್ಷದ ಹುಡುಗನೊಬ್ಬ ಸತ್ತಾಗ ಚರ್ಚೆಯೆಲ್ಲ ಸಿ.ಸಿ. ಕ್ಯಾಮೆರಾ, ಕ್ಯಾಂಪಸ್ಸಿನ ಮದ್ಯದ ಬಾಟಲಿಗಳ ಸುತ್ತ ಗಿರಕಿ ಹೊಡೆಯಿತು. ಕ್ಯಾಮೆರಾ ಸ್ವಾತಂತ್ರ್ಯ ಕಸಿಯುತ್ತದೆ ಎಂದ ವಿದ್ಯಾರ್ಥಿಗಳ ಆತಂಕ ಪೊಳ್ಳೇನಲ್ಲ. ಆದರೆ ಹೊಸಬನಿಗೆ ತನ್ನ ಕೋಣೆಯ ಒಡನಾಡಿಗಳನ್ನು ಆರಿಸಿಕೊಳ್ಳುವ ಅವಕಾಶವೂ ಸ್ವಾತಂತ್ರ್ಯವೇ, ಅದನ್ನು ಕೇಳಿದವರು ಕಡಿಮೆ. ಆ ಸಾವಿಗೆ ನಶೆಯೇ ಕಾರಣವೆನ್ನುವುದು ಗಾಂಜಾ ಆಯೋಗ ಹಿಡಿದ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ರ‍್ಯಾಗಿಂಗ್ ಆರೋಪದಲ್ಲಿ ಬಂಧಿತರಾದವರಲ್ಲಿ ಓದು ಮುಗಿಸಿದವರೂ ಇದ್ದರು ಎಂಬುದು ಹಾಸ್ಟೆಲು ಯಾರ ಹಿಡಿತದಲ್ಲಿತ್ತೆಂದು ಹೇಳುತ್ತದೆ. ರ‍್ಯಾಗಿಂಗ್ ಆಗಲಿ ನಶೆ ಆಗಲಿ, ಹೊಸಬನಿಗೆ ಬೇಕಿರುವುದು ಬೇಡ ಎನ್ನಲು ಜೊತೆಗೆ ನಿಲ್ಲುವ ನಾಲ್ಕು ಜನ. ಹೊಸಬರನ್ನು ಸಾಧ್ಯವಾದೆಡೆ ಪ್ರತ್ಯೇಕ ಬ್ಲಾಕಿನಲ್ಲಿ ಇರಿಸಬೇಕೆಂದು ಯುಜಿಸಿ ನಿಯಮ ಹೇಳಿದ್ದು 2009ರಲ್ಲಿ. ಜಾದವ್‌ಪುರದ ಮೊದಲ ವರ್ಷದವರನ್ನು ಬೇರೆ ಹಾಸ್ಟೆಲಿಗೆ ಸಾಗಿಸಿದ್ದು 2023ರಲ್ಲಿ, ಆ ಹುಡುಗ ಸತ್ತ ಮೇಲೆ.