ಜಾನ್ಸನ್ನನ ಒಂದು ತಾತ್ಸಾರ ಮತ್ತು ‘-ತ್’ ಪ್ರತ್ಯಯದ ಆಯುಷ್ಯ

ಇಂಗ್ಲಿಷಿನ ‘-ತ್’ ಪ್ರತ್ಯಯ ಎಂದೋ ಸತ್ತುಹೋಯಿತೆಂಬುದು ಪಠ್ಯಪುಸ್ತಕಗಳ ಸಿದ್ಧ ಉತ್ತರ. ಲೆಂಗ್ತ್, ಸ್ಟ್ರೆಂಗ್ತ್, ಫಿಲ್ತ್‌ಗಳನ್ನು ಹಳೆಯ ಇಂಗ್ಲಿಷಿನ ಪಳೆಯುಳಿಕೆಗಳೆಂದು ತೋರಿಸಿ, ಮುಂದಿನ ಕೆಲಸವನ್ನೆಲ್ಲ ‘-ನೆಸ್’ಗೂ ಫ್ರೆಂಚಿನಿಂದ ಬಂದ ‘-ಮೆಂಟ್’, ‘-ಇಟಿ’ಗಳಿಗೂ ಒಪ್ಪಿಸಿಬಿಡುತ್ತಾರೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ‘ವಿಡ್ತ್’ ಪದವನ್ನು ಕೀಳು ಪದವೆಂದು ತಳ್ಳಿದ್ದಾನೆ. ಈ ಮರಣಪತ್ರಕ್ಕೆ ಅದು ಇನ್ನೊಂದು ರುಜು ಎಂದು ಓದುವುದು ಸುಲಭ. ಸುಲಭ, ಆದರೆ ತಪ್ಪು.

ಪಳೆಯುಳಿಕೆಯನ್ನು ಯಾರೂ ಕೀಳೆಂದು ಬಯ್ಯುವುದಿಲ್ಲ. ಲೆಂಗ್ತ್ ಕೂಡ ಅದೇ ಪ್ರತ್ಯಯದ್ದು. ಅದರ ಕುಲ ಯಾರೂ ಕೇಳಲಿಲ್ಲ. ವಿಡ್ತ್ ಬಳಕೆಗೆ ಬಂದದ್ದು 17ನೆಯ ಶತಮಾನದ ಆರಂಭದಲ್ಲಿ. ಅದಕ್ಕೂ ಮೊದಲು, ಹಳೆಯ ಇಂಗ್ಲಿಷಿನಿಂದಲೇ, ‘ವೈಡ್‌ನೆಸ್’ ಇತ್ತು. ಅಂದರೆ ಇಲ್ಲಿ ಹೊಸಬ ‘-ತ್’, ಹಳಬ ‘-ನೆಸ್’. ಜಾನ್ಸನ್ನನ ಕಿವಿಗೆ ತಾಗಿದ್ದು ಈ ಹೊಸತನವೇ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಅದೇ ನಿಘಂಟಿನ ಮೊದಲ ಪುಟಗಳಲ್ಲಿದೆ. (ನಿಘಂಟನ್ನು ಬೇಕಾದ ಪದದ ಪುಟಕ್ಕೆ ಮಾತ್ರ ತೆರೆದು ಮುಚ್ಚುವವರಿಗೆ ಇದು ಕಾಣುವುದಿಲ್ಲ.) ಅಲ್ಲಿ ಜಾನ್ಸನ್ ಜೋಡಿಸಿದ ವ್ಯಾಕರಣದಲ್ಲಿ, ‘-ತ್’ ಹತ್ತಿ ಆದ ಭಾವನಾಮಗಳ ಪಟ್ಟಿಯಲ್ಲಿ, ಲೆಂಗ್ತ್, ಬ್ರೆಡ್ತ್, ಡೆಪ್ತ್‌ಗಳ ಸಾಲಿನಲ್ಲೇ ವಿಡ್ತ್ ಕುಳಿತಿದೆ. ಕೀಳೆಂಬ ಸೊಲ್ಲೇ ಇಲ್ಲ. ಮುಂದೆಯೇ ಕ್ರಿಯಾಪದಗಳಿಂದ ಆದ ಗ್ರೋತ್, ಸ್ಟೆಲ್ತ್, ಟಿಲ್ತ್‌ಗಳು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಒಂದೇ ಪ್ರತ್ಯಯ ಕೃತ್ತೂ ಹೌದು, ತದ್ಧಿತವೂ ಹೌದು. ಕನ್ನಡದ ‘-ಮೆ’ ದುಡಿಮೆಯಲ್ಲೂ ಹಿರಿಮೆಯಲ್ಲೂ ದುಡಿಯುವ ಹಾಗೆ.

ಪಟ್ಟಿ ಜಾನ್ಸನ್ನನದಲ್ಲ, 1653ರಲ್ಲಿ ಲ್ಯಾಟಿನಿನಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ಗಣಿತಜ್ಞ ಜಾನ್ ವಾಲಿಸನಿಂದ ಎತ್ತಿದ್ದು ಎಂಬ ಆಕ್ಷೇಪ ಬರಬಹುದು. ಬರಲಿ. ವಾಲಿಸನನ್ನು ಕೆಲವೆಡೆ ನಕಲು ಮಾಡುತ್ತೇನೆ, ಕೆಲವೆಡೆ ತಿದ್ದುತ್ತೇನೆ ಎಂದು ಜಾನ್ಸನ್ನನೇ ಅಲ್ಲಿ ಹೇಳಿಕೊಂಡಿದ್ದಾನೆ. ತಿದ್ದುವ ಅಧಿಕಾರ ಇಟ್ಟುಕೊಂಡವನು ವಿಡ್ತ್ ಅನ್ನು ತೆಗೆದುಹಾಕಲಿಲ್ಲ. ವೈಯಾಕರಣನಾಗಿ ಆತ ರಚನೆಯನ್ನು ಒಪ್ಪಿದ. ನಿಘಂಟುಕಾರನಾಗಿ ಅದರ ಸಹವಾಸವನ್ನು ಒಪ್ಪಲಿಲ್ಲ.

ಇನ್ನು ಸ್ವರದ ಪ್ರಶ್ನೆ, ಇದೇ ನಿರ್ಣಾಯಕ. ಲಾಂಗ್ ಎಂಬುದು ಲೆಂಗ್ತ್ ಆದದ್ದಕ್ಕೆ ಕಾರಣ ಪ್ರತ್ಯಯದಲ್ಲಿ ಹಿಂದೆ ಇದ್ದ ಇಕಾರ. ಗಾಥಿಕ್ ಭಾಷೆಯಲ್ಲಿ ಅದು ಉಳಿದಿದೆ. ಡೀಪ್ ಎಂಬುದು ಡೆಪ್ತ್ ಆದದ್ದು ಮಧ್ಯಕಾಲದಲ್ಲಿ, ಒತ್ತೊತ್ತಾಗಿ ಬಂದ ವ್ಯಂಜನಗಳ ಮುಂದೆ ಸ್ವರ ಹ್ರಸ್ವವಾಗಿದ್ದರಿಂದ. 17ನೆಯ ಶತಮಾನದ ಹೊತ್ತಿಗೆ ಎರಡೂ ವ್ಯಾಪಾರ ನಿಂತಿದ್ದವು. ಹಾಗಿದ್ದೂ ವೈಡ್ ಎಂಬುದು ‘ವೈಡ್ತ್’ ಆಗದೆ ವಿಡ್ತ್ ಆಯಿತು. ಧ್ವನಿನಿಯಮ ಮಾಡದ ಕೆಲಸವನ್ನು ನೆರೆಯ ಪದಗಳು ಮಾಡಿದವು: ಬ್ರಾಡ್–ಬ್ರೆಡ್ತ್, ಡೀಪ್–ಡೆಪ್ತ್ ಎಂಬ ಜೋಡಿಗಳನ್ನು ಕೇಳಿದ ಕಿವಿ ಮೂರನೆಯದನ್ನು ಕಟ್ಟಿಕೊಂಡಿತು. ಆ ಬ್ರೆಡ್ತ್ ಕೂಡ 16ನೆಯ ಶತಮಾನದಲ್ಲಿ ಹಳೆಯ ‘ಬ್ರೀಡ್’ ರೂಪಕ್ಕೆ ‘-ತ್’ ಅಂಟಿಸಿಕೊಂಡು ಆದದ್ದೇ.

ಆದ್ದರಿಂದ ‘-ತ್’ ನಿಯಮವಾಗಿ ಬದುಕಿತ್ತೆಂದು ನಾನು ಹೇಳುತ್ತಿಲ್ಲ. ಯಾವ ಗುಣವಾಚಕಕ್ಕಾದರೂ ಹತ್ತಬಲ್ಲ ‘-ನೆಸ್’ನ ಸಾಮರ್ಥ್ಯ ಅದಕ್ಕಿರಲಿಲ್ಲ. ಅಳತೆಯ ಪದಗಳ ಕೇರಿಯಲ್ಲಿ ಮಾತ್ರ ಅದಕ್ಕೆ ಓಡಾಟವಿತ್ತು. ಅಲ್ಲೂ ಪೂರ್ತಿ ಹಿಡಿತವಿರಲಿಲ್ಲ: ಮಿಲ್ಟನ್ ಬರೆಯುತ್ತಿದ್ದ ‘ಹೈತ್’ ಕೊನೆಗೆ ಟಕಾರದ ‘ಹೈಟ್’ಗೆ ಸೋತಿತು.

1753ರಲ್ಲಿ ಹೊರೇಸ್ ವಾಲ್‌ಪೋಲ್ ತನ್ನ ಪತ್ರಗಳಲ್ಲಿ ‘ಗ್ಲೂಮ್ತ್’, ‘ಗ್ರೀನ್ತ್’ ಎಂದು ಬರೆದದ್ದನ್ನು ಪ್ರತ್ಯಯದ ಚೈತನ್ಯಕ್ಕೆ ಪುರಾವೆಯೆಂದು ನಾನು ಮುಂದಿಡುವುದಿಲ್ಲ, ಅದು ವಿನೋದ. ರಸ್ಕಿನ್ನನ ‘ಇಲ್ತ್’ ವಿನೋದವಲ್ಲ. 1862ರಲ್ಲಿ ಪುಸ್ತಕವಾದ ‘ಅನ್‌ಟು ದಿಸ್ ಲಾಸ್ಟ್’ ಕೃತಿಯಲ್ಲಿ, ಕೇಡು ತರುವ ಸಂಪತ್ತಿಗೆ ಹೆಸರಾಗಿ, ವೆಲ್ತ್‌ಗೆ ಎದುರಾಗಿ ಆತ ಅದನ್ನು ಗಂಭೀರವಾಗಿಯೇ ಟಂಕಿಸಿದ. ಆದರೂ ಅದು ಬಳಕೆಯಲ್ಲಿ ಬೇರೂರಲಿಲ್ಲ. ವಿಡ್ತ್‌ಗೆ ಲೆಂಗ್ತ್, ಬ್ರೆಡ್ತ್, ಡೆಪ್ತ್‌ಗಳ ಆಸರೆಯಿತ್ತು. ಇಲ್ತ್‌ಗೆ ಇದ್ದದ್ದು ವೆಲ್ತ್ ಒಂದೇ.