ತ್ರಿಕೋನದ ತುದಿಯ ಪಟ್ಟಿ

ವಿಮಾನಚರಿತ್ರೆಯಲ್ಲಿ ‘ರೋಟರಿ ಎಂಜಿನ್’ ಎಂಬ ಹೆಸರು ಎರಡು ಬೇರೆ ಬೇರೆ ಯಂತ್ರಗಳಿಗೆ ಸಲ್ಲುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ಗಿರಗಿರನೆ ಸುತ್ತುತ್ತಿದ್ದ ಎಂಜಿನ್ನು ಒಂದು. ನಾವಿಲ್ಲಿ ಎತ್ತಿಕೊಂಡಿರುವುದು ಇನ್ನೊಂದನ್ನು, ಜರ್ಮನಿಯ ಫೆಲಿಕ್ಸ್ ವಾಂಕೆಲ್‌ನ ಹೆಸರು ಹೊತ್ತದ್ದನ್ನು. ಇದರಲ್ಲಿ ಪಿಸ್ಟನ್ನಿಲ್ಲ, ಕವಾಟವಿಲ್ಲ. ನಡು ತುಸು ಸೊರಗಿದ ಅಂಡಾಕಾರದ ಕೋಶದೊಳಗೆ ಉಬ್ಬಿದ ಬದಿಗಳ ತ್ರಿಕೋನ ರೋಟರೊಂದು ಸುತ್ತುತ್ತದೆ. ಅದರ ಮೂರು ತುದಿಗಳ ಸೀಳುಗಳಲ್ಲಿ, ಸ್ಪ್ರಿಂಗಿನ ಮೇಲೆ ಕುಳಿತ ಮೂರು ಸಣ್ಣ ಪಟ್ಟಿಗಳು. ಇವೇ ಅಪೆಕ್ಸ್ ಸೀಲುಗಳು. ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ಸೋರದಂತೆ ತಡೆಯುವುದು ಅವುಗಳ ಕೆಲಸ. ಈ ಎಂಜಿನ್ನಿನ ಏಳುಬೀಳುಗಳ ಬಹುಪಾಲು ಈ ಪಟ್ಟಿಗಳ ಕಥೆಯೇ ಆಗಿದೆ.

ವಾಂಕೆಲ್ ಮೂಲತಃ ಸೋರಿಕೆಯನ್ನು ತಡೆಯುವ ವಿದ್ಯೆಯಲ್ಲಿ ಪಳಗಿದವನು. 1930ರ ದಶಕದಲ್ಲಿ ಅವನು ಕೈಹಾಕಿದ್ದು ವಿಮಾನದ ಎಂಜಿನ್ನುಗಳಿಗೆ ಸುತ್ತುವ ಕವಾಟಗಳನ್ನು ರೂಪಿಸುವುದಕ್ಕೆ. ಲಿಂಡಾವ್ ಊರಿನ ಅವನ ಕಾರ್ಯಾಗಾರಕ್ಕೆ ಹಣ ಬಂದದ್ದು ಹಿಟ್ಲರನ ವಾಯುಯಾನ ಸಚಿವಾಲಯದಿಂದ. ಜಾಣ್ಮೆಯನ್ನು ಮೆಚ್ಚುವಾಗ ಇದನ್ನು ಮರೆಮಾಚಬೇಕಿಲ್ಲ. ಯುದ್ಧಾನಂತರ ಎನ್‌ಎಸ್‌ಯು ಕಂಪನಿಯಲ್ಲಿ, 1957ರ ಫೆಬ್ರುವರಿಯಲ್ಲಿ, ಅವನ ಎಂಜಿನ್ನು ಮೊದಲ ಬಾರಿಗೆ ಓಡಿತು.

ಓಡಿತೇನೋ ಸರಿ, ಬಾಳಬೇಕಲ್ಲ. ಪಿಸ್ಟನ್ನಿನ ಉಂಗುರ ಸಿಲಿಂಡರಿನ ಗೋಡೆಗೆ ಒಂದೇ ಭಂಗಿಯಲ್ಲಿ ಒತ್ತಿಕೊಂಡಿರುತ್ತದೆ. ಅಪೆಕ್ಸ್ ಸೀಲಾದರೋ ಗೋಡೆಯನ್ನು ಒಂದು ಗೆರೆಯಷ್ಟೇ ಮುಟ್ಟುತ್ತದೆ. ಸುತ್ತಿನುದ್ದಕ್ಕೂ ಅದರ ಓರೆ ಬದಲಾಗುತ್ತಲೇ ಇರುತ್ತದೆ. ಅನಿಲದ ಒತ್ತಡ ಒಮ್ಮೆ ಈ ಬದಿಯಿಂದ, ಮರುಗಳಿಗೆ ಆ ಬದಿಯಿಂದ. ಪಟ್ಟಿ ಅದುರುತ್ತಾ ಗೋಡೆಯ ಮೇಲೆ ಸಾಲು ಸಾಲು ಗೀರುಗಳನ್ನು ಎಳೆಯುತ್ತಿತ್ತು. 1961ರಲ್ಲಿ ಪರವಾನಗಿ ಪಡೆದ ಹಿರೋಶಿಮಾದ ಟೋಯೋ ಕೋಗ್ಯೊ, ಅಂದರೆ ಇಂದಿನ ಮಾಜ್ದಾ, ಅವುಗಳಿಗೆ ‘ದೆವ್ವದ ಉಗುರಿನ ಗೀರು’ ಎಂದೇ ಹೆಸರಿಟ್ಟಿತು. ಕೆನಿಚಿ ಯಾಮಾಮೊಟೊ ನೇತೃತ್ವದ ತಂಡ ಪಟ್ಟಿಯಲ್ಲಿ ಅಡ್ಡಡ್ಡ ರಂಧ್ರ ಕೊರೆದು ಅದರ ಕಂಪನದ ಗತಿಯನ್ನೇ ಬದಲಿಸಿ ನೋಡಿತು, ಗೀರು ನಿಂತಿತು. ಆದರೂ 1967ರ ಕಾಸ್ಮೊ ಸ್ಪೋರ್ಟ್ ಕಾರಿಗೆ ಕೊನೆಗೆ ಆರಿಸಿದ್ದು ಅಲ್ಯೂಮಿನಿಯಂ ಹೀರಿಸಿದ ಇಂಗಾಲದ ಪಟ್ಟಿಯನ್ನು.

ಅದೇ ವರ್ಷ ಹೊರಬಂದ ಎನ್‌ಎಸ್‌ಯುವಿನ ಆರ್‌ಒ 80 ಕಾರಿನ ಪಾಡು ಬೇರೆ. ಅದರ ಸೀಲು ಮೂರು ತುಂಡಿನದು, ಮೂರೂ ಒಂದೇ ವಸ್ತುವಿನವು. ನಡುವಿನ ತುಂಡು ಬೇಗ ಸವೆದು, ಉಳಿದೆರಡು ಸಡಿಲಗೊಂಡು, ಅನಿಲ ಸೋರತೊಡಗಿತು. ಕೆಲವು ಎಂಜಿನ್ನುಗಳು 50,000 ಕಿ.ಮೀ. ಮುಟ್ಟುವ ಮುನ್ನವೇ ಕೈಕೊಟ್ಟವು. ನಡುವಿನ ತುಂಡಿಗೆ ಫೆರೋಟಿಕ್ ಎಂಬ ಗಡಸು ವಸ್ತುವನ್ನು ತಂದಾಗ ರೋಗ ವಾಸಿಯಾಯಿತಾದರೂ ಕಂಪನಿಯ ಸ್ವಾತಂತ್ರ್ಯ ಉಳಿಯಲಿಲ್ಲ. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ನಿನ ತೆಕ್ಕೆಗೆ ಸೇರಿತು.

ಆಕಾಶದತ್ತ ಈ ಎಂಜಿನ್ನನ್ನು ಒಯ್ಯುವ ಯತ್ನವೂ ಹಳೆಯದೇ. ಅಮೆರಿಕದ ಕರ್ಟಿಸ್-ರೈಟ್ 1958ರಲ್ಲೇ ಪರವಾನಗಿ ಪಡೆದಿತ್ತು. ನಮ್ಮ ನಾಡಿಗೂ ಇದರಲ್ಲೊಂದು ಪಾಲುಂಟು: 2009ರಲ್ಲಿ ಕೋಲಾರದ ಹಾರಾಟಪಟ್ಟಿಯಲ್ಲಿ ಪೈಲಟ್ಟಿಲ್ಲದ ‘ನಿಶಾಂತ್’ ವಿಮಾನ ದೇಶೀಯ ವಾಂಕೆಲ್ ಎಂಜಿನ್ನಿನ ಬಲದಿಂದ ಹಾರಿತು. 55 ಅಶ್ವಶಕ್ತಿಯ ಆ ಎಂಜಿನ್ನಿನ ಕೋಶದ ಒಳಮೈಗೆ ಬೆಂಗಳೂರಿನ ಎನ್‌ಎಎಲ್, ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪವನ್ನು ಸಿದ್ಧಪಡಿಸಿತ್ತು. ಸೀಲು ಎಷ್ಟು ಗಟ್ಟಿ ಎಂಬುದಕ್ಕಿಂತ ಅದು ಯಾವ ಗೋಡೆಗೆ ಉಜ್ಜಿಕೊಳ್ಳುತ್ತದೆ ಎಂಬುದು ಮುಖ್ಯವೆಂದು ಬಲ್ಲವರ ಕೆಲಸ ಅದು. ನಿಶಾಂತ್ ಪ್ರತಿ ಹಾರಾಟದ ಕೊನೆಗೆ ಇಳಿಯುತ್ತಿದ್ದುದೇ ಪ್ಯಾರಾಚೂಟಿನಲ್ಲಿ.

ಮಾಜ್ದಾದ 13ಬಿ ಎಂಜಿನ್ನನ್ನು ಹಳೆಯ ಕಾರಿನಿಂದ ಬಿಚ್ಚಿ, ತಾನೇ ಕಟ್ಟಿದ ವಿಮಾನಕ್ಕೆ ಕೂರಿಸುವ ಹವ್ಯಾಸಿಗೆ ಹಾಗಲ್ಲ. ಅವನು ತಾನೇ ಅದರೊಳಗೆ ಕುಳಿತಿರುತ್ತಾನೆ. ಎರಡು ರೋಟರ್, ಆರು ಸೀಲು. ಒಂದು ಸೀಲು ಮುರಿದರೆ ಅದರ ಇಕ್ಕೆಲದ ಎರಡು ಕೋಣೆಗಳು ಒತ್ತಡ ಕಳೆದುಕೊಳ್ಳುತ್ತವೆ. ಆದರೂ ಇನ್ನೊಂದು ರೋಟರಿನ ಬಲದಿಂದ ಪ್ರೊಪೆಲ್ಲರ್ ತಿರುಗುತ್ತಿರುವ ಸಂಭವ ಹೆಚ್ಚು. ಈ ಎಂಜಿನ್ನನ್ನು ಹವ್ಯಾಸಿಗಳು ನೆಚ್ಚಿಕೊಂಡಿರುವುದು ಅದಕ್ಕೇ. ಹಾಗಾಗಿ ಸೀಲು ಎಷ್ಟು ಕಾಲ ಬಾಳೀತು ಎಂಬುದರ ಜೊತೆಗೆ ಅದು ಹೇಗೆ ಸತ್ತೀತು ಎಂಬುದನ್ನೂ ಕೇಳಬೇಕಾಗುತ್ತದೆ.

ಸೆರಾಮಿಕ್ ಸೀಲು ಹಗುರ, ನುಣುಪು, ಕ್ರೋಮಿಯಂ ಗೋಡೆಗೆ ಮೃದು. 1991ರ ಲೆ ಮಾನ್ ಸ್ಪರ್ಧೆ ಗೆದ್ದ ಮಾಜ್ದಾ 787ಬಿ ಕಾರಿನಲ್ಲಿದ್ದುದು ಅದೇ. ಆದರೆ ಇಂಧನ ಅಕಾಲದಲ್ಲಿ ಸಿಡಿದಾಗ ಅದು ಚೂರಾಗುತ್ತದೆ. ಬೆಲೆಯೂ ಕಣ್ಣು ಕುಕ್ಕುವಂಥದು. ಮೆದು ಉಕ್ಕಿನ ಸೀಲು ಮುರಿಯುವ ಬದಲು ಬಾಗುತ್ತದೆ, ಆದರೆ ಗೋಡೆಯ ಕ್ರೋಮಿಯಮ್ಮನ್ನು ಸವೆಸುತ್ತದೆ. ಕಾರ್ಖಾನೆಯ ಬೀಡುಕಬ್ಬಿಣದ ಸೀಲು ಇವೆರಡರ ನಡುವಿನದು. ಅದರ ದಪ್ಪ ಮೊದಲು 3 ಮಿ.ಮೀ. ಇದ್ದದ್ದು 1980ರ ದಶಕದ ನಡುವಿನಿಂದ 2 ಮಿ.ಮೀ.ಗೆ ಇಳಿಯಿತು. ಟರ್ಬೋ ಇಲ್ಲದ, ಹದವಾಗಿ ಓಡುವ ವಿಮಾನದ ಎಂಜಿನ್ನಿಗೆ ಇದೇ ಸಾಕೆಂಬುದು ನಮ್ಮ ಎಣಿಕೆ. ಟರ್ಬೋ ಇದ್ದರೆ ಮಾತು ಬೇರೆ: ಮುರಿದ ಚೂರು ಹೊಗೆಯ ದಾರಿಯಲ್ಲೇ ಹೋಗಿ ಟರ್ಬೈನಿನ ರೆಕ್ಕೆಗಳನ್ನು ಬಡಿಯುತ್ತದೆ, ಅಲ್ಲಿ ಬಾಗುವ ಉಕ್ಕಿಗೇ ನಮ್ಮ ಮತ.

ಯಾವುದನ್ನೇ ಆರಿಸಲಿ, ಸವೆದು ಅಗಲವಾದ ಸೀಳಿನಲ್ಲಿ ಹೊಸ ಸೀಲು ವಾಲುತ್ತದೆ, ಕ್ರೋಮಿಯಂ ಎದ್ದ ಗೋಡೆ ಅದನ್ನು ಅರದಂತೆ ತಿನ್ನುತ್ತದೆ. ಅಳತೆಪಟ್ಟಿ ಹಿಡಿದು ಸೀಳುಗಳನ್ನು ಒಂದೊಂದಾಗಿ ನೋಡುವ ಸಂಜೆಗಳನ್ನು ಉಳಿಸಿಕೊಳ್ಳಲಾಗದು. ಇನ್ನು ಎಣ್ಣೆ: ಕಾರಿನ ಪಂಪು ಹನಿಹನಿಯಾಗಿ ಊಡುತ್ತಿದ್ದ ಎಣ್ಣೆಯನ್ನು ನೆಚ್ಚದೆ, ಅನೇಕ ಹವ್ಯಾಸಿಗಳು ಟೂ-ಸ್ಟ್ರೋಕ್ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾರುತ್ತಾರೆ.